ತೊರೆ ತಿಳಿಯಾಯಿತು, ಮೀನು ಉಳಿಯಲಿಲ್ಲ

ಅಮೆರಿಕದ ಸಿಯಾಟಲ್ ನಗರದ ಲಾಂಗ್‌ಫೆಲೋ ತೊರೆಯ ದಂಡೆಯಲ್ಲಿ ಸ್ವಯಂಸೇವಕರು ಕಳೆ ಕಿತ್ತು, ಗಿಡ ನೆಟ್ಟು, ಕಸ ಎತ್ತಿ ವರ್ಷಗಟ್ಟಲೆ ದುಡಿದರು. ಮೊಟ್ಟೆಯಿಡಲು ಸಮುದ್ರದಿಂದ ಕೋಹೋ ಸಾಲ್ಮನ್ ಮೀನುಗಳೂ ಬಂದವು. ಆದರೆ ಮಳೆ ಬಿದ್ದೊಡನೆ ಅವು ಬಾಯಿ ತೆರೆದು ಏದುತ್ತ, ದಿಕ್ಕುತಪ್ಪಿ ಸುತ್ತುತ್ತ ಕೆಲವೇ ಗಂಟೆಗಳಲ್ಲಿ ಸತ್ತವು. ಹೆಣ್ಣುಮೀನುಗಳ ಹೊಟ್ಟೆಯಲ್ಲಿ ಮೊಟ್ಟೆ ಹಾಗೇ ಉಳಿದಿತ್ತು.

ದುಡಿದವರ ಕೆಲಸದಲ್ಲಿ ಕೊರತೆಯಿರಲಿಲ್ಲ. ನೋವು ಹೆಚ್ಚಾದದ್ದು ಅದಕ್ಕೇ.

ಕಾರಣ ಗೊತ್ತಾಗಿದ್ದು 2020ರಲ್ಲಿ. ಟೈರು ಬಿರುಕು ಬಿಡದಂತೆ ಬೆರೆಸುವ 6ಪಿಪಿಡಿ ಎಂಬ ರಾಸಾಯನಿಕ ಗಾಳಿಯ ಓಝೋನ್ ತಾಗಿ 6ಪಿಪಿಡಿ-ಕ್ವಿನೋನ್ ಆಗುತ್ತದೆ. ಕೋಹೋಗೆ ಅದು ಕಡುವಿಷ. ರಸ್ತೆಯಲ್ಲಿ ಹರಿಯುವ ಮಳೆನೀರು ಅದನ್ನು ತೊರೆಗೆ ತರುತ್ತದೆ. ಆ ನೀರನ್ನೇ ಮರಳು, ಕಾಂಪೋಸ್ಟ್ ಬೆರೆತ ಮಣ್ಣಿನಲ್ಲಿ ಸೋಸಿ ಬಿಟ್ಟಾಗ, ಪ್ರಯೋಗಗಳಲ್ಲಿ ಮೀನುಗಳು ಬದುಕಿವೆ. ಇನ್ನು ಗುದ್ದಲಿ ಬೀಳಬೇಕಾದದ್ದು ದಂಡೆಯಲ್ಲಷ್ಟೇ ಅಲ್ಲ, ರಸ್ತೆಯ ಅಂಚಿನಲ್ಲೂ.