ತೆರೆಯ ಮೇಲೆ ಬಾರದ ಆ ಮೂರು ತಿಂಗಳು!

ಕನ್ನಡ ಸಿನಿಮಾ ನೋಡುವ ಯಾವ ಅಭಿಮಾನಿಗೂ ಈ ಸೀನನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಯಕಿ ಅಡುಗೆಮನೆಯಲ್ಲಿ ಒಗ್ಗರಣೆ ಹಾಕ್ತಿದ್ದಾಳೆ. ಇದ್ದಕ್ಕಿದ್ದಂತೆ ಸೆರಗು ಬಾಯಿಗೆ ಹಿಡಿದು ಬಚ್ಚಲಿಗೆ ಓಡ್ತಾಳೆ. ಹಿನ್ನೆಲೆಯಲ್ಲಿ ವೀಣೆ ‘ಟ್ರಿಣ್’ ಅನ್ನುತ್ತೆ. ಅತ್ತೆಯ ಮುಖಕ್ಕೆ ಕ್ಲೋಸಪ್. ಆಮೇಲೆ ಕೈಯಲ್ಲಿ ಬ್ಯಾಗು ಹಿಡಿದ ಡಾಕ್ಟರು. ಮಣಿಕಟ್ಟು ಹಿಡಿದು ನಾಡಿ ನೋಡಿ, ‘ಕಂಗ್ರಾಜುಲೇಷನ್ಸ್, ನೀವು ತಂದೆಯಾಗ್ತಿದ್ದೀರಿ!’ ನಾಯಕ ಆಕೆಯನ್ನು ಎತ್ತಿ ಗಿರಗಿರನೆ ತಿರುಗಿಸ್ತಾನೆ. ಕಟ್! ಹಸಿರು ಬಳೆ, ಸೀಮಂತ, ಒಂದು ಹಾಡು. ಕಟ್! ಆಸ್ಪತ್ರೆಯ ಬಾಗಿಲ ಮೇಲೆ ಕೆಂಪು ದೀಪ, ಒಳಗಿಂದ ಮಗುವಿನ ಅಳು...

ಅಲ್ಲಾ ಸ್ವಾಮಿ, ಮಧ್ಯದ ರೀಲುಗಳು ಎಲ್ಲಿ ಹೋದವು?

ಆ ವಾಂತಿಗೂ ಈ ಬಳೆಗೂ ನಡುವೆ ತಿಂಗಳುಗಳೇ ಇವೆ. ಅದರಲ್ಲೂ ಮೊದಲ ಮೂರು ತಿಂಗಳು ಬಹಳ ಕಷ್ಟದ್ದು, ಬಹಳ ಮುಖ್ಯದ್ದು. ಸಂಕಲನಕಾರ ಅದನ್ನೇ ಕತ್ತರಿಸಿ ಬಿಸಾಕಿದ್ದಾನೆ. ಹೀಗಾಗಿ ಸಿನಿಮಾ ನೋಡಿ ಸಂಸಾರ ಕಲಿತ ನಮ್ಮ ತರುಣರಿಗೆ, ಹೆಂಡತಿ ಬಸುರಿ ಎಂದು ತಿಳಿದ ಮೇಲೆ ಎತ್ತಿ ತಿರುಗಿಸುವುದೊಂದು ಬಿಟ್ಟು ಬೇರೇನೂ ಗೊತ್ತಿಲ್ಲ! (ದಯವಿಟ್ಟು ಅದನ್ನು ಮಾತ್ರ ಮಾಡಬೇಡಿ. ತಲೆ ಸುತ್ತುವವಳನ್ನು ಇನ್ನೂ ಸುತ್ತಿಸಬೇಕೇ?)

ಇತ್ತೀಚೆಗೆ ಮದುವೆಯಾದವರು, ಆಗುವವರು, ಅಣ್ಣನಿಗೆ ಆಗಿ ಮನೆಗೆ ಅತ್ತಿಗೆ ಬಂದಿರುವವರು ಎಲ್ಲರೂ ಈ ವಾರ ಪೋಸ್ಟರ್ ಪುಟ ತಿರುಗಿಸುವ ಮುನ್ನ ಇದನ್ನು ಓದಿಬಿಡಿ.

ನಾಡಿ ಡಾಕ್ಟರಿಗೆ ನಮಸ್ಕಾರ

ಮೊದಲಿಗೆ ಆ ಕೈ ಹಿಡಿಯುವ ಡಾಕ್ಟರನ್ನು ಮರೆತುಬಿಡಿ. ಮಣಿಕಟ್ಟು ಹಿಡಿದು ಬಸಿರು ಹೇಳೋದು ಗಾಂಧಿನಗರದಲ್ಲಿ ಮಾತ್ರ. ಮುಟ್ಟು ನಿಂತ ಮೇಲೆ ಬೆಳಗಿನ ಮೊದಲ ಮೂತ್ರವನ್ನು ಒಂದು ಸಣ್ಣ ಕಿಟ್‌ನಲ್ಲಿ ಹಾಕಿ ನೋಡಿದರೆ ಗೊತ್ತಾಗುತ್ತೆ. ಎಚ್.ಸಿ.ಜಿ. ಎಂಬ ಹಾರ್ಮೋನು ಇದ್ದರೆ ಎರಡು ಗೆರೆ. ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತೆ, ಆಶಾ ಕಾರ್ಯಕರ್ತೆಯರ ಹತ್ತಿರವೂ ಸಿಗುತ್ತೆ.

ಲೆಕ್ಕದಲ್ಲೂ ಒಂದು ಟ್ವಿಸ್ಟ್ ಇದೆ. ಡಾಕ್ಟರುಗಳು ಬಸಿರನ್ನು ಎಣಿಸೋದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಅಲ್ಲಿಂದ 280 ದಿನ, ಅಂದರೆ 40 ವಾರ. ಮುಟ್ಟು ತಪ್ಪಿತು ಎಂದು ಗೊತ್ತಾಗುವ ಹೊತ್ತಿಗೇ ನಾಲ್ಕು ವಾರ ಮುಗಿದಿರುತ್ತೆ! ಟೈಟಲ್ ಕಾರ್ಡ್ ತಪ್ಪಿಸಿಕೊಂಡು ಥಿಯೇಟರಿಗೆ ನುಗ್ಗಿದ ಹಾಗೆ.

ತಮಾಷೆಗೆ ಹೇಳಿದ್ದಲ್ಲ. ಮಗುವಿನ ಮೆದುಳು, ಬೆನ್ನುಹುರಿಯಾಗಬೇಕಾದ ನರದ ಕೊಳವೆ ಮುಚ್ಚಿಕೊಳ್ಳೋದು ಆರನೇ ವಾರದ ಸುಮಾರಿಗೆ. ಅದು ಸರಿಯಾಗಿ ಮುಚ್ಚಿಕೊಳ್ಳಲು ಫೋಲಿಕ್ ಆಸಿಡ್ ಎಂಬ ಜೀವಸತ್ವ ಬೇಕು. ದಿನಕ್ಕೆ 400 ಮೈಕ್ರೋಗ್ರಾಂ, ಒಂದೇ ಒಂದು ಪುಟ್ಟ ಮಾತ್ರೆ. ಮಗು ಬೇಕು ಎಂದು ನಿರ್ಧರಿಸಿದ ದಿನದಿಂದಲೇ ನುಂಗಿದರೆ ಒಳ್ಳೆಯದು. ತಡವಾಗಿ ಗೊತ್ತಾದರೆ ಗೊತ್ತಾದ ದಿನದಿಂದ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ. ಕಬ್ಬಿಣಾಂಶದ ಮಾತ್ರೆ ಸಾಮಾನ್ಯವಾಗಿ ಶುರುವಾಗೋದು ಮೂರು ತಿಂಗಳು ಕಳೆದ ಮೇಲೆ.

ವಾಂತಿ ಅಂದ್ರೆ ಒಂದು ಶಾಟ್ ಅಲ್ಲ!

ಸಿನಿಮಾದಲ್ಲಿ ಒಂದೇ ಸಲ, ಅದೂ ಮೇಕಪ್ ಕೆಡದ ಹಾಗೆ. ನಿಜದಲ್ಲಿ? ನೂರಕ್ಕೆ ಎಪ್ಪತ್ತು-ಎಂಬತ್ತು ಬಸುರಿಯರಿಗೆ ವಾಕರಿಕೆ ಅಥವಾ ವಾಂತಿ ಇರುತ್ತೆ. ಆರನೇ ವಾರದ ಹೊತ್ತಿಗೆ ಶುರು, ಒಂಬತ್ತರ ಸುಮಾರಿಗೆ ಜೋರು, ಬಹಳ ಜನಕ್ಕೆ ಹನ್ನೆರಡರಿಂದ ಹದಿನಾರರ ಒಳಗೆ ಇಳಿಮುಖ. ಇಂಗ್ಲಿಷಿನವರು ಇದಕ್ಕೆ ‘ಬೆಳಗಿನ’ ಕಾಯಿಲೆ ಅಂತ ಹೆಸರಿಟ್ಟಿದ್ದಾರೆ; ಮ್ಯಾಟಿನಿ, ಫಸ್ಟ್ ಶೋ, ಸೆಕೆಂಡ್ ಶೋ ಯಾವಾಗ ಬೇಕಾದರೂ ಬರುತ್ತೆ.

‘ಎಲ್ಲಾ ನಾಟಕ, ನಮ್ಮ ಕಾಲದಲ್ಲಿ ಗದ್ದೆ ಕೆಲಸ ಮಾಡ್ಕೊಂಡೇ ಹಡೆದ್ವಿ’ ಅಂತ ಮನೆಯಲ್ಲಿ ಯಾರಾದರೂ ಅಂದೇ ಅಂತಾರೆ. ನಾಟಕವಲ್ಲ. 2023ರಲ್ಲಿ ವಿಜ್ಞಾನಿಗಳು ಇದರ ಒಬ್ಬ ಮುಖ್ಯ ವಿಲನ್‌ನನ್ನು ಹಿಡಿದುಕೊಟ್ಟರು. ಜಿ.ಡಿ.ಎಫ್.15 ಎಂಬ ಹಾರ್ಮೋನು; ಬಸಿರಿನಲ್ಲಿ ಬೆಳೆಯುತ್ತಿರುವ ಭ್ರೂಣ ಮತ್ತು ಮಾಸಿನ ಕಡೆಯಿಂದ ತಾಯಿಯ ರಕ್ತಕ್ಕೆ ಬಂದು, ಮೆದುಳಿನಲ್ಲಿ ವಾಂತಿಯ ಸ್ವಿಚ್ ಒತ್ತುತ್ತೆ. ಅದನ್ನು ಮೊದಲೇ ಅಭ್ಯಾಸ ಮಾಡಿಕೊಂಡಿರದ ದೇಹಕ್ಕೆ ಪೆಟ್ಟು ಜಾಸ್ತಿ. ಅತ್ತಿಗೆಗೆ ಆಗದ ವಾಂತಿ ನಿಮ್ಮ ಹೆಂಡತಿಗೆ ಆಗ್ತಿದ್ದರೆ ಅದು ಅವಳ ವಯ್ಯಾರವಲ್ಲ, ರಕ್ತದ ಲೆಕ್ಕ.

ಇದಕ್ಕೆ ಉಪಾಯ ಸಣ್ಣಸಣ್ಣದೇ. ಬೆಳಿಗ್ಗೆ ಆಕೆ ಹಾಸಿಗೆಯಿಂದ ಏಳುವ ಮೊದಲೇ ಎರಡು ರಸ್ಕೋ, ಒಂದು ಹಿಡಿ ಮಂಡಕ್ಕಿಯೋ ತಲೆದಿಂಬಿನ ಹತ್ತಿರ ಇರಲಿ. ರಾತ್ರಿಯೇ ಇಡಬೇಕು, ನೀವೇ ಇಡಬೇಕು! ಹೊಟ್ಟೆ ಖಾಲಿ ಬಿಟ್ಟರೆ ವಾಕರಿಕೆ ಜಾಸ್ತಿ. ಮೂರು ಹೊತ್ತಿನ ಊಟವನ್ನು ಆರು ಹೊತ್ತು ಮಾಡಿ. ಇಡ್ಲಿ, ಮಜ್ಜಿಗೆ ಅನ್ನ, ರಾಗಿ ಅಂಬಲಿ, ಯಾವುದು ನಿಲ್ಲುತ್ತೋ ಅದು. ನೀರು ಗಟಗಟ ಬೇಡ, ಗುಟುಕು ಗುಟುಕಾಗಿ. ಶುಂಠಿ ಕೆಲವರಿಗೆ ಒಗ್ಗುತ್ತೆ. ಒಗ್ಗರಣೆ ಹೊಗೆ, ಕರಿದ ಎಣ್ಣೆ ವಾಸನೆ, ಕೆಲವರಿಗೆ ಕಾಫಿ ವಾಸನೆಯೂ ಆಗೋದಿಲ್ಲ. ಕೆಲವರಿಗೆ ಗಂಡನ ತಲೆಗೆ ಹಚ್ಚಿದ ಎಣ್ಣೆಯ ವಾಸನೆಯೇ ಆಗೋದಿಲ್ಲ! ಬೇಜಾರು ಮಾಡ್ಕೋಬೇಡಿ, ತಲೆ ತೊಳ್ಕೊಳ್ಳಿ.

ಒಗ್ಗರಣೆ ಆಗದವಳನ್ನು ಒಲೆ ಮುಂದೆ ನಿಲ್ಲಿಸಿ ‘ಅಡ್ಜಸ್ಟ್ ಮಾಡ್ಕೊ’ ಅನ್ನೋದು ಮಾತ್ರ ತೆರೆಯ ಮೇಲಿನ ಯಾವ ಖಳನಾಯಕನೂ ಮಾಡದ ಕೆಲಸ. ಸಾರು ಕಲಿಯಲು ಒಂದು ಭಾನುವಾರ ಸಾಕು. ‘ಏನೋ, ಹೆಂಡ್ತಿ ಸೆರಗು ಹಿಡ್ಕೊಂಡು ಸೌಟು ತಿರುವ್ತಿದೀಯಾ?’ ಅಂತ ಮನೆಯಲ್ಲಿ ನಕ್ಕರೆ, ‘ಹೌದಮ್ಮಾ, ನೀನು ನನ್ನ ಹೊತ್ತಾಗ ಅಪ್ಪಾಜಿ ತಿರುವ್ಲಿಲ್ಲ ಅಂತ ನೀನೇ ಹೇಳ್ತಿದ್ದೆಯಲ್ಲಾ’ ಅನ್ನಿ. ಕ್ಲಾಪ್ಸ್ ಗ್ಯಾರಂಟಿ.

ಇನ್ನು ಸುಸ್ತು. ಹೊಟ್ಟೆ ಕಾಣೋದಿಲ್ಲ, ತೂಕ ಏರಿಲ್ಲ, ಆದರೂ ಸಂಜೆ ಏಳಕ್ಕೇ ಕಣ್ಣು ಎಳೆಯುತ್ತೆ. ಒಳಗೆ ಹಾರ್ಮೋನುಗಳ ನೈಟ್ ಶಿಫ್ಟ್ ನಡೀತಿದೆ ಸ್ವಾಮಿ! ಮಲಗಲಿ ಬಿಡಿ.

ಒಂದು ಮಾತ್ರೆಯ ಕಥೆ

‘ವಾಂತಿಗೆ ಒಂದು ಮಾತ್ರೆ ಕೊಡಿ’ ಎಂದು ಮೆಡಿಕಲ್ ಸ್ಟೋರಿನ ಹುಡುಗನ ಮುಂದೆ ನಿಲ್ಲುವ ಮೊದಲು ಈ ಕಥೆ ಕೇಳಿ. ಇದು ಯಾವ ಕ್ರೈಂ ಚಿತ್ರಕ್ಕೂ ಕಡಿಮೆಯಿಲ್ಲ.

1957ರಲ್ಲಿ ಆಗಿನ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ಮಾತ್ರೆ ಅಂಗಡಿಗೆ ಬಂತು. ನಿದ್ದೆಗೆ ಒಳ್ಳೆಯದು, ಬಸುರಿಯರ ವಾಂತಿಗೂ ಒಳ್ಳೆಯದು, ಏನೂ ಅಪಾಯವಿಲ್ಲ ಎಂದು ಜಾಹೀರಾತು. ಹತ್ತಾರು ದೇಶಗಳಲ್ಲಿ ಮಾರಿದರು. ಸ್ವಲ್ಪ ದಿನದಲ್ಲೇ ಕೈಕಾಲು ಬೆಳೆಯದ ಮಕ್ಕಳು ಹುಟ್ಟತೊಡಗಿದವು. ಕಾರಣ ಪತ್ತೆಯಾಗಿ ಮಾತ್ರೆಯನ್ನು ಹಿಂದಕ್ಕೆ ತೆಗೆದುಕೊಂಡದ್ದು 1961ರಲ್ಲಿ. ಅಷ್ಟರೊಳಗೆ ಪ್ರಪಂಚದಲ್ಲಿ ಸುಮಾರು 10,000 ಮಕ್ಕಳು ಅದಕ್ಕೆ ಬಲಿಪಶುವಾಗಿದ್ದವು. ಅಮೆರಿಕದಲ್ಲಿ ಮಾತ್ರ ಫ್ರಾನ್ಸಿಸ್ ಕೆಲ್ಸಿ ಎಂಬ ಮಹಿಳಾ ಅಧಿಕಾರಿ, ಕಂಪನಿ ಎಷ್ಟೇ ಒತ್ತಾಯ ಮಾಡಿದರೂ ‘ಪುರಾವೆ ಸಾಲದು’ ಎಂದು ಪರವಾನಗಿ ಕೊಡದೆ ಕೂತರು. ಆಕೆಯ ಹಟದಿಂದ ಆ ದೇಶದ ಎಷ್ಟೋ ಮಕ್ಕಳು ಉಳಿದವು. ಇದು ಹೀರೋಯಿನ್ ಓರಿಯೆಂಟೆಡ್ ಸಬ್ಜೆಕ್ಟ್ ಅಲ್ಲವೇ?

ಇವತ್ತು ಬಸುರಿಯರಿಗೆ ತೊಂದರೆ ಮಾಡದ ವಾಂತಿ ಮಾತ್ರೆಗಳಿವೆ. ಆದರೆ ಅದನ್ನು ಡಾಕ್ಟರೇ ಬರೆಯಲಿ. ತಲೆನೋವಿನ ಮಾತ್ರೆ, ಮೊಡವೆ ಮಾತ್ರೆ, ಊರ ಪಂಡಿತನ ಪುಡಿ ಎಲ್ಲದಕ್ಕೂ ಇದೇ ಮಾತು. ಆಕೆ ಮೊದಲಿಂದ ಫಿಟ್ಸಿಗೋ ಥೈರಾಯ್ಡಿಗೋ ಮಾತ್ರೆ ತಗೊಳ್ತಿದ್ದರೆ ಹೆದರಿ ತಾನಾಗಿ ನಿಲ್ಲಿಸುವುದೂ ಅಪಾಯ, ಕೇಳಿ ಬದಲಿಸಬೇಕು.

ನಿಮ್ಮ ಜೇಬಿನಲ್ಲಿರುವ ಬೆಂಕಿಪೊಟ್ಟಣ

ಇದು ನೇರವಾಗಿ ನಿಮಗೇ. ಸಿನಿಮಾ ಶುರುವಾಗುವ ಮುಂಚೆ ಹೊಗೆಸೊಪ್ಪಿನ ಎಚ್ಚರಿಕೆ ಬಂದಾಗ ನೀವು ಶಿಳ್ಳೆ ಹೊಡೆದು ನಗ್ತೀರಿ. ಮನೆಯೊಳಗೆ ನೀವು ಸೇದಿ ಬಿಟ್ಟ ಹೊಗೆಯನ್ನು ಆಕೆಯೂ ಕುಡಿಯುತ್ತಾಳೆ. ಗರ್ಭಪಾತಕ್ಕೂ, ಮಗುವಿನ ತೂಕ ಕಡಿಮೆಯಾಗುವುದಕ್ಕೂ ಆ ಹೊಗೆಗೂ ನಂಟಿದೆ. ಜಗಲಿಯಲ್ಲಿ ಸೇದಿ ಒಳಬಂದರೂ ಶರಟಿನ ವಾಸನೆಗೇ ಆಕೆಗೆ ವಾಂತಿ. ಬಿಡುವುದಾದರೆ ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗದು. ಎಲೆಯಡಿಕೆಗೆ ಹೊಗೆಸೊಪ್ಪು ಸೇರಿಸಿ ಹಾಕಿಕೊಳ್ಳುವ ಹೆಣ್ಣುಮಕ್ಕಳೂ ಹಳ್ಳಿಗಳಲ್ಲಿದ್ದಾರೆ, ಅದೂ ಬೇಡ. ಕುಡಿತದಲ್ಲಿ ‘ಸ್ವಲ್ಪ ಪರವಾಗಿಲ್ಲ’ ಎಂಬ ಅಳತೆ ಆಕೆಗೆ ಇಲ್ಲವೇ ಇಲ್ಲ. ಕಾಫಿ ದಿನಕ್ಕೆ ಎರಡು ಲೋಟಕ್ಕೆ ನಿಲ್ಲಲಿ.

ಊಟದ ವಿಷಯದಲ್ಲಿ ಬರುವ ಉಪದೇಶಕ್ಕೆ ಲೆಕ್ಕವಿಲ್ಲ. ‘ಇಬ್ಬರ ಊಟ ಉಣ್ಣು’ ಅನ್ನೋದು ಮೊದಲ ಮೂರು ತಿಂಗಳಿಗೆ ಅನ್ವಯಿಸೋದಿಲ್ಲ. ಆಗ ಹೆಚ್ಚು ಊಟ ಬೇಕಾಗೋದೇ ಇಲ್ಲ, ಒಳ್ಳೆಯ ಊಟ ಬೇಕು. ಸೊಪ್ಪು, ಬೇಳೆ, ಹಾಲು, ತಿನ್ನುವವರಾದರೆ ಚೆನ್ನಾಗಿ ಬೆಂದ ಮೊಟ್ಟೆ. ಪರಂಗಿ ಕಾಯಿ ಬೇಡ ಎನ್ನುವುದರಲ್ಲಿ ಅರ್ಥವಿದೆ, ಕಾಯಿಯ ಹಾಲಿನ ಬಗ್ಗೆ ಡಾಕ್ಟರುಗಳಿಗೂ ಅನುಮಾನ. ಚೆನ್ನಾಗಿ ಕಳಿತ ಹಣ್ಣಿನ ಮೇಲೆ ಆ ಆರೋಪವಿಲ್ಲ. ಬಯಕೆ ಅಂತ ಮಾವಿನಕಾಯಿ ಕೇಳಿದರೆ ತಂದುಕೊಡಿ. ಮಣ್ಣು, ಸೀಮೆಸುಣ್ಣ ತಿನ್ನುವ ಆಸೆಯಾದರೆ ನಗಬೇಡಿ. ರಕ್ತದಲ್ಲಿ ಕಬ್ಬಿಣಾಂಶ ಕಡಿಮೆಯಿದ್ದಾಗಲೂ ಹಾಗಾಗುತ್ತೆ, ಪರೀಕ್ಷೆ ಮಾಡಿಸಿ.

ದಾಂಪತ್ಯದ ಬಗ್ಗೆ ಕೇಳಲು ನಾಚಿಕೆಪಡುವವರಿಗೆ: ತೊಂದರೆಯಿಲ್ಲದ ಬಸಿರಿನಲ್ಲಿ ಅಡ್ಡಿಯಿಲ್ಲ, ರಕ್ತ ಕಂಡಿದ್ದರೆ ಅಥವಾ ಡಾಕ್ಟರು ಬೇಡವೆಂದಿದ್ದರೆ ಇಲ್ಲ. ಆಕೆ ಬೇಡವೆಂದರೆ ಡಾಕ್ಟರನ್ನು ಕೇಳುವ ಅಗತ್ಯವೇ ಇಲ್ಲ.

ಹನ್ನೆರಡು ವಾರದೊಳಗೆ ಒಂದು ಕಾರ್ಡು

ಹನ್ನೆರಡು ವಾರ ಮುಗಿಯುವುದರೊಳಗೆ ಆಶಾ ಕಾರ್ಯಕರ್ತೆಯ ಮೂಲಕವೋ ಆರೋಗ್ಯ ಕೇಂದ್ರದಲ್ಲೋ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಮಾಡಿಸಿ. ರಕ್ತ, ಬಿ.ಪಿ., ಸಕ್ಕರೆ, ಮೂತ್ರ ಎಲ್ಲ ನೋಡ್ತಾರೆ. ಆಕೆಯ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ನಿಮ್ಮದನ್ನೂ ಕೇಳ್ತಾರೆ. ನೆಚ್ಚಿನ ನಟನ ಹುಟ್ಟುಹಬ್ಬಕ್ಕೆ ರಕ್ತದಾನ ಮಾಡಿದ ಅಭಿಮಾನಿಗೆ ಅದು ಬಾಯಿಪಾಠ ಇದ್ದೇ ಇರುತ್ತೆ! 2016ರಿಂದ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ನಡೆಯುತ್ತಿದೆ. ಮೊದಲ ಮಗುವಿಗೆ 5,000 ರೂಪಾಯಿ ಕೊಡುವ ಮಾತೃವಂದನಾ ಯೋಜನೆಯ ಅರ್ಜಿಯನ್ನು ಅಂಗನವಾಡಿಯಲ್ಲಿ ವಿಚಾರಿಸಿ. ಸ್ಕ್ಯಾನಿಂಗ್ ಕೋಣೆಯಲ್ಲಿ ‘ಗಂಡೋ ಹೆಣ್ಣೋ’ ಎಂದು ಪಿಸುಗುಟ್ಟಬೇಡಿ. 1994ರ ಕಾಯಿದೆ ಪ್ರಕಾರ ಕೇಳಿದರೂ ಅಪರಾಧ, ಹೇಳಿದರೂ ಅಪರಾಧ.

ಪ್ರಯಾಣ? ಎಲ್ಲ ಸರಿಯಿದ್ದರೆ ಬಸ್ ಹತ್ತಬಹುದು. ಹಿಂದಿನ ಚಕ್ರದ ಮೇಲಿನ ಸೀಟು ಬೇಡ, ಮುಂದೆ ಕಿಟಕಿ ಪಕ್ಕ ಕೂರಲಿ. ಜೂನ್ 2023ರಿಂದ ನಮ್ಮ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಫ್ರೀ, ನಿಜ. ಸೀಟು ಫ್ರೀ ಇರಬೇಕಲ್ಲ! ಎರಡು ತಿಂಗಳ ಬಸಿರು ಯಾರ ಕಣ್ಣಿಗೂ ಕಾಣೋದಿಲ್ಲ. ಬಿಳಚಿಕೊಂಡು ಕಂಬ ಹಿಡಿದು ನಿಂತಿರುವ ತಂಗಿಯನ್ನು ಕಂಡರೆ ಕಾರಣ ಕೇಳದೆ ಎದ್ದುಬಿಡಿ.

ತ್ರಿವೇಣಿಯವರ ನೆನಪು

‘ಬೆಳ್ಳಿಮೋಡ’ (1967), ‘ಶರಪಂಜರ’ (1971). ಪುಟ್ಟಣ್ಣ ಕಣಗಾಲ್, ಕಲ್ಪನಾ ಎಂದೊಡನೆ ನೆನಪಾಗುವ ಈ ಎರಡೂ ಚಿತ್ರಗಳ ಕಥೆ ಕಾದಂಬರಿಗಾರ್ತಿ ತ್ರಿವೇಣಿಯವರದು. ಮೊದಲನೆಯದರಲ್ಲಿ ತಾಯಿ ಹೆರಿಗೆಯಲ್ಲಿ ತೀರಿಕೊಳ್ಳುತ್ತಾಳೆ. ಎರಡನೆಯದರಲ್ಲಿ ಹೆರಿಗೆಯ ನಂತರ ಮನಸ್ಸು ಕದಡಿದ ಕಾವೇರಿ ಗುಣವಾಗಿ ಮನೆಗೆ ಬಂದರೂ, ಮನೆಯವರ ಕಣ್ಣು ಗುಣವಾಗೋದಿಲ್ಲ. ಈ ಎರಡು ಚಿತ್ರಗಳೂ ತೆರೆ ಕಾಣುವ ಮೊದಲೇ, 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತ್ರಿವೇಣಿ ತೀರಿಕೊಂಡರು. ವಯಸ್ಸು 35 ಕೂಡ ತುಂಬಿರಲಿಲ್ಲ.

ಕಾವೇರಿಯ ಕಣ್ಣೀರಿಗೆ ಟವೆಲ್ ಒದ್ದೆ ಮಾಡಿಕೊಂಡವರು ಮನೆಯಲ್ಲಿ ಕಾರಣವಿಲ್ಲದೆ ಅಳುವವಳನ್ನು ‘ಏನ್ ರಗಳೆ ನಿಂದು’ ಅಂದರೆ ಹೇಗೆ? ಮೊದಲ ತಿಂಗಳುಗಳಲ್ಲಿ ಮನಸ್ಸು ಮೇಲೆ ಕೆಳಗೆ ಆಗೋದು ಸಹಜ. ಎರಡು ವಾರ ಬಿಡದೆ ಮಂಕು, ನಿದ್ದೆಯಿಲ್ಲ, ಬದುಕು ಬೇಡ ಎಂಬ ಮಾತು ಬಂದರೆ ಅದೂ ಡಾಕ್ಟರಿಗೆ ತೋರಿಸಬೇಕಾದ ಕಾಯಿಲೆಯೇ.

ಇನ್ನೊಂದು ಕಹಿ ಮಾತು. ಗೊತ್ತಾದ ಬಸಿರುಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ನಿಲ್ಲೋದಿಲ್ಲ, ಹೆಚ್ಚಿನವು ಈ ಮೂರು ತಿಂಗಳಲ್ಲೇ ಹೋಗುತ್ತವೆ. ಅವುಗಳಲ್ಲಿ ಸುಮಾರು ಅರ್ಧಕ್ಕೆ ಕಾರಣ ಭ್ರೂಣದ ವರ್ಣತಂತುಗಳಲ್ಲೇ ಇದ್ದ ದೋಷ. ಆಕೆ ಬಿಂದಿಗೆ ಎತ್ತಿದ್ದು, ಮಹಡಿ ಹತ್ತಿದ್ದು, ಸಿನಿಮಾಕ್ಕೆ ಹೋಗಿದ್ದು ಇದಕ್ಕೆ ಕಾರಣವಲ್ಲ. ಸಂಬಂಧಿಕರೆಲ್ಲ ಕೂತು ಆಕೆಯ ಮೇಲೆ ಕೇಸು ನಡೆಸುವಾಗ ವಕೀಲನ ಕೋಟು ಹಾಕಬೇಕಾದವರು ನೀವು.

ರಕ್ತ ಕಂಡರೆ, ಹೊಟ್ಟೆಯ ಒಂದು ಪಕ್ಕ ತಡೆಯಲಾರದ ನೋವಾದರೆ, ಎಚ್ಚರ ತಪ್ಪಿದರೆ, ಗುಟುಕು ನೀರೂ ನಿಲ್ಲದಷ್ಟು ವಾಂತಿಯಾಗಿ ಮೂತ್ರ ಕಡಿಮೆಯಾದರೆ, ಚಳಿಜ್ವರ ಬಂದರೆ ಬೆಳಗಾಗುವವರೆಗೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಬಸಿರು ಗರ್ಭಕೋಶದ ಹೊರಗೆ, ನಾಳದಲ್ಲಿ ಕೂತಿದ್ದರೂ ಹೀಗೆ ನೋವು ಬರುತ್ತೆ. ನಾಳ ಒಡೆದರೆ ಪ್ರಾಣಕ್ಕೇ ಬಂತು.

ಎಲ್ಲ ಸುಸೂತ್ರವಾದರೆ ನಾಲ್ಕನೇ ತಿಂಗಳಲ್ಲಿ ಒಂದು ದಿನ ಆಕೆಯೇ ‘ರೀ, ಮಸಾಲೆ ದೋಸೆ ತಿನ್ನಬೇಕು ಅನ್ಸುತ್ತೆ’ ಅಂತಾಳೆ. ತಿನ್ನಿಸಿ, ಹಾಗೇ ಒಂದು ಮ್ಯಾಟಿನಿಗೂ ಕರ್ಕೊಂಡು ಹೋಗಿ. ಬಿಡುಗಡೆಯ ಮೊದಲ ದಿನದ ನೂಕುನುಗ್ಗಲು ಬೇಡ, ಎರಡನೇ ವಾರ ಸಾಕು. ಸಾಲಿನ ತುದಿಯ ಸೀಟೇ ಕೇಳಿ. ಇಂಟರ್ವಲ್ ತನಕ ಕಾಯದೆ ಎರಡು ಸಲ ಎದ್ದು ಹೋಗಬೇಕಾಗುತ್ತೆ, ಕ್ಲೈಮ್ಯಾಕ್ಸ್ ಫೈಟ್ ನಡೆಯುತ್ತಿದ್ದರೂ ಜೊತೆಗೆ ನೀವೂ ಎದ್ದು ಹೋಗಿ.