ಒಡೆಯನಿಲ್ಲದ ಜಾಲಕ್ಕೆ ಬೇಡದ ಓಲೆ

2025ರ ಆರಂಭದ ತಿಂಗಳುಗಳಲ್ಲಿ ಲೆಮ್ಮಿ ಎಂಬ ಚರ್ಚಾತಾಣದ ಬಳಕೆದಾರರಿಗೆ ಒಂದು ಖಾಸಗಿ ಸಂದೇಶ ಬರತೊಡಗಿತು. ನಗುಮುಖದ ಯುವತಿಯ ಫೋಟೋ, ತಾನು ವಿದ್ಯಾರ್ಥಿನಿ, ವೆಬ್‌ಸೈಟ್ ಕಟ್ಟುವ ಕೆಲಸ ಗೊತ್ತು ಎಂಬ ಚುಟುಕು ಪರಿಚಯ, ಜೊತೆಗೆ ಬೇರೆ ಖಾತೆಗಳಿಗೆ ಕೊಂಡಿ. ಪಡೆದವರು ಬ್ಲಾಕ್ ಮಾಡಿದರು. ಕೆಲವು ದಿನ ಕಳೆದ ಮೇಲೆ ಅದೇ ಫೋಟೋ, ಅದೇ ಒಕ್ಕಣೆ ಮತ್ತೆ ಬಂತು. ಈ ಸಲ ಬೇರೆ ಖಾತೆಯಿಂದ, ಬೇರೆ ಸರ್ವರಿನಿಂದ. ಕಾಟ ಎಷ್ಟು ಹಬ್ಬಿತೆಂದರೆ ಅದೇ ಒಂದು ನಗೆಚಟಾಕಿಯಾಯಿತು. ‘ಎಲ್ಲರಿಗೂ ಬಂತು, ನನಗೆ ಮಾತ್ರ ಬರಲಿಲ್ಲವಲ್ಲ’ ಎಂದು ಹುಸಿಕೋಪ ತೋರಿಸುವವರೂ ಹುಟ್ಟಿಕೊಂಡರು. ಫೋಟೋದಲ್ಲಿರುವುದು ಏನೂ ಅರಿಯದ ಯಾವುದೋ ನಿಜವಾದ ಹುಡುಗಿಯೇ ಇರಬಹುದು. ಹಾಗಾಗಿ ಆ ಓಲೆಯಲ್ಲಿದ್ದ ಹೆಸರು ಇಲ್ಲಿ ಬೇಡ.

ಇಂಥದ್ದು ಇನ್‌ಸ್ಟಾಗ್ರಾಮಿನಲ್ಲಿ ಬರುವುದಿಲ್ಲವೇ? ಧಾರಾಳವಾಗಿ ಬರುತ್ತದೆ. ಆದರೆ ಅಲ್ಲಿ ದೂರು ಕೊಡಲು ಒಂದು ಕಂಪನಿಯಿದೆ. ಮನಸ್ಸು ಮಾಡಿದರೆ ಒಂದೇ ಏಟಿಗೆ ಆ ಖಾತೆಗಳನ್ನೆಲ್ಲ ಕಿತ್ತುಹಾಕುವ ಅಧಿಕಾರ ಅದಕ್ಕಿದೆ. ಲೆಮ್ಮಿಗೆ ಅಂಥ ಒಡೆಯರಿಲ್ಲ. ಅದು ನೂರಾರು ಪುಟ್ಟ ಸರ್ವರ್‌ಗಳ ಒಕ್ಕೂಟ. ಒಂದನ್ನು ವಿಶ್ವವಿದ್ಯಾಲಯ ನಡೆಸಬಹುದು, ಇನ್ನೊಂದನ್ನು ನಾಲ್ಕು ಗೆಳೆಯರು, ಮತ್ತೊಂದನ್ನು ಮನೆಯ ಮೂಲೆಯ ಹಳೇ ಕಂಪ್ಯೂಟರಿನಲ್ಲಿ ಒಬ್ಬನೇ. ಜರ್ಮನಿಯ ಯೂಜೆನ್ ರೋಚ್ಕೊ 2016ರಲ್ಲಿ ಹೊರತಂದ ಮಾಸ್ಟೊಡಾನ್, ಜಪಾನಿನಲ್ಲಿ ಹುಟ್ಟಿದ ಮಿಸ್ಕಿ, ಫೋಟೋಗಳಿಗಾಗಿ ಇರುವ ಪಿಕ್ಸೆಲ್‌ಫೆಡ್ ಎಲ್ಲವೂ ಇದೇ ಬಳಗದವು. ವೆಬ್‌ನ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2018ರ ಜನವರಿಯಲ್ಲಿ ಒಪ್ಪಿದ ‘ಆ್ಯಕ್ಟಿವಿಟಿಪಬ್’ ಇವುಗಳ ಸಮಾನ ಭಾಷೆ. ಒಟ್ಟು ಬಳಗಕ್ಕೆ ಫೆಡಿವರ್ಸ್ ಎಂದು ಹೆಸರು. ಜಿಮೇಲಿನವರು ಯಾಹೂದವರಿಗೆ ಮೇಲ್ ಕಳಿಸಿದ ಹಾಗೆ ಇಲ್ಲಿ ಯಾವ ಸರ್ವರಿನವರು ಯಾವ ಸರ್ವರಿನವರೊಂದಿಗಾದರೂ ಮಾತಾಡಬಹುದು. ಅಪರಿಚಿತನ ಓಲೆ ಒಳಗೆ ಬರುವುದೂ ಇದೇ ದಾರಿಯಲ್ಲಿ.

ಆ ಓಲೆಯ ಹಿಂದೆಯೇ ನಡೆದು ನೋಡೋಣ. ಕಳಿಸುವವನು ‘ಪೋಸ್ಟ್’ ಒತ್ತಿದೊಡನೆ ಅವನ ಸರ್ವರ್ ಆ ಸಂದೇಶಕ್ಕೆ ಒಂದು ಗುಪ್ತ ಕೀಲಿಯಿಂದ ಡಿಜಿಟಲ್ ಸಹಿ ಹಾಕಿ, ಪಡೆಯುವವನ ಸರ್ವರಿನ ಇನ್‌ಬಾಕ್ಸಿಗೆ ತಲುಪಿಸುತ್ತದೆ. ಪಡೆದ ಸರ್ವರ್ ಸಹಿಯನ್ನು ಪರೀಕ್ಷಿಸುತ್ತದೆ. ಇದರಿಂದ ಒಂದು ದೊಡ್ಡ ಲಾಭವಿದೆ: ಹಳೆಯ ಇಮೇಲಿನಲ್ಲಿ ಆಗುತ್ತಿದ್ದಂತೆ ಇನ್ನೊಬ್ಬರ ವಿಳಾಸ ಹಾಕಿಕೊಂಡು ಕಳಿಸುವ ಆಟ ಇಲ್ಲಿ ನಡೆಯದು. ಆದರೆ ಸಹಿ ಹೇಳುವುದು ‘ಇದು ಇಂಥ ಮನೆಯಿಂದಲೇ ಬಂದದ್ದು’ ಎಂದಷ್ಟೇ. ಆ ಮನೆಯಲ್ಲಿರುವವನು ಸಭ್ಯನೋ ಕಳ್ಳನೋ ಎಂಬುದು ಸಹಿಗೆ ಗೊತ್ತಿಲ್ಲ. ಬಾಗಿಲು ತೆರೆದಿಟ್ಟ ಮನೆಯೊಂದು ಸಿಕ್ಕರೆ ಸ್ಪ್ಯಾಮರ್ ಅಲ್ಲಿ ಹೊಕ್ಕು, ಅಸಲಿ ಸಹಿಯೊಂದಿಗೇ ಊರಿಗೆಲ್ಲ ಓಲೆ ಹಂಚುತ್ತಾನೆ.

‘ಖಾಸಗಿ’ ಎಂಬ ಮಾತಿನ ಬಗ್ಗೆಯೂ ಇಲ್ಲೊಂದು ಎಚ್ಚರಿಕೆ. ಮಾಸ್ಟೊಡಾನಿನ ಖಾಸಗಿ ಸಂದೇಶ ಲಕೋಟೆಯಲ್ಲಿ ಹೋಗುವ ಕಾಗದವಲ್ಲ. ಕೆಲವರಿಗಷ್ಟೇ ಕಾಣುವಂತೆ ಹಾಕಿದ ಮಾಮೂಲಿ ಪೋಸ್ಟ್ ಅದು. ವಾಟ್ಸ್‌ಆ್ಯಪಿನಲ್ಲಿರುವಂಥ ಎರಡೂ ತುದಿಯ ಗೂಢಲಿಪಿ ಇಲ್ಲಿಲ್ಲ. ಅದರ ಪ್ರತಿ ಎರಡೂ ಸರ್ವರಿನಲ್ಲಿ ಉಳಿಯುತ್ತದೆ, ಸರ್ವರ್ ನಡೆಸುವ ಅಡ್ಮಿನ್ ಬಯಸಿದರೆ ಓದಬಹುದು. ಇನ್ನೂ ಒಂದು ಪೇಚಿದೆ. ಸ್ಪ್ಯಾಮ್ ಬಂತೆಂದು ಗೆಳತಿಗೆ ಖಾಸಗಿಯಾಗಿ ಬರೆಯುವಾಗ ‘ನೋಡು, ಇವನ ಕಾಟ’ ಎಂದು ಅವನ ಖಾತೆಯ ಪೂರ್ತಿ ವಿಳಾಸವನ್ನು @ ಸಮೇತ ಹಾಕಿದಿರೋ, ಆ ಸಂದೇಶ ಅವನಿಗೂ ಹೋಗುತ್ತದೆ. ಹೆಸರು ಬಂದವರೆಲ್ಲ ಓದುಗರು ಎಂಬುದು ಅಲ್ಲಿನ ನಿಯಮ. ಇದನ್ನು ತಿಳಿಯದೆ ಪೇಚಿಗೆ ಸಿಕ್ಕಿದವರು ಬಹಳ. ಈಗೀಗ ಮಾಸ್ಟೊಡಾನ್ ಇದನ್ನು ‘ನೇರ ಸಂದೇಶ’ ಎನ್ನದೆ ‘ಖಾಸಗಿ ಉಲ್ಲೇಖ’ ಎಂದು ಕರೆಯುತ್ತಿರುವುದು ಸರಿಯಾಗಿಯೇ ಇದೆ.

ಇಷ್ಟೆಲ್ಲ ಶ್ರಮಪಟ್ಟು ಸ್ಪ್ಯಾಮ್ ಕಳಿಸುವವನಿಗೆ ಗಿಟ್ಟುವುದೇನು? 2008ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಮತ್ತು ಸ್ಯಾನ್ ಡಿಯೇಗೊ ಸಂಶೋಧಕರು ಇದಕ್ಕೆ ಒಂದು ಸೊಗಸಾದ ಲೆಕ್ಕ ಕೊಟ್ಟರು. ‘ಸ್ಟಾರ್ಮ್’ ಎಂಬ, ಬೇರೆಯವರ ಕಂಪ್ಯೂಟರುಗಳನ್ನು ಕದ್ದು ದುಡಿಸುವ ಬಾಟ್‌ನೆಟ್ಟಿನೊಳಗೆ ನುಸುಳಿ, ಅದು ಕಳಿಸುತ್ತಿದ್ದ ಔಷಧದ ಜಾಹೀರಾತುಗಳ ಕೊಂಡಿಯನ್ನು ತಾವೇ ಕಟ್ಟಿದ ಹುಸಿ ಅಂಗಡಿಗೆ ತಿರುಗಿಸಿದರು. ಗಿರಾಕಿಗಳ ದುಡ್ಡು ಮುಟ್ಟಲಿಲ್ಲ, ಎಷ್ಟು ಜನ ಕೊಳ್ಳಲು ಬಂದರೆಂದು ಎಣಿಸಿದರು ಅಷ್ಟೇ. 26 ದಿನಗಳಲ್ಲಿ ಹೋದ ಮೇಲ್‌ಗಳು ಸುಮಾರು 35 ಕೋಟಿ. ಕೊಳ್ಳಲು ಮುಂದಾದವರು 28 ಮಂದಿ. ಒಂದೂಕಾಲು ಕೋಟಿ ಮೇಲಿಗೆ ಒಬ್ಬ ಗಿರಾಕಿ! ಯಾವ ಸಂತೆಯಲ್ಲೂ ಇಂಥ ವ್ಯಾಪಾರಿ ಮಧ್ಯಾಹ್ನದ ಹೊತ್ತಿಗೆ ಗಂಟುಮೂಟೆ ಕಟ್ಟಿರುತ್ತಿದ್ದ. ಸ್ಪ್ಯಾಮರ್ ಕಟ್ಟುವುದಿಲ್ಲ, ಏಕೆಂದರೆ ಅವನಿಗೆ ಅಂಚೆಚೀಟಿಯ ಖರ್ಚಿಲ್ಲ. ಖರ್ಚೆಲ್ಲ ಪಡೆಯುವವರದು: ಅವರ ಸಮಯ, ಅವರ ಸರ್ವರು, ಅವರ ಸಿಡಿಮಿಡಿ.

ಓಲೆಗಳು ಅಷ್ಟು ಪೆದ್ದುಪೆದ್ದಾಗಿ ಇರುವುದೇಕೆ ಎಂಬುದಕ್ಕೂ ವಿವರಣೆಯಿದೆ. ನೈಜೀರಿಯಾದ ರಾಜಕುಮಾರನ ಆಸ್ತಿಯಂಥ ಹಳಸಲು ಕಥೆಯನ್ನು ವಂಚಕರು ಯಾಕೆ ಬದಲಾಯಿಸುವುದಿಲ್ಲ ಎಂದು ಮೈಕ್ರೋಸಾಫ್ಟ್ ರಿಸರ್ಚ್‌ನ ಕಾರ್ಮಾಕ್ ಹರ್ಲಿ 2012ರಲ್ಲಿ ಒಂದು ಪ್ರಬಂಧ ಬರೆದರು. ಅವರ ತರ್ಕ ಸರಳ. ಮೊದಲ ಓಲೆ ಕಳಿಸುವುದು ಪುಕ್ಕಟೆ, ಆದರೆ ಉತ್ತರಿಸಿದವನನ್ನು ಪುಸಲಾಯಿಸುವುದಕ್ಕೆ ದಿನಗಟ್ಟಲೆ ದುಡಿಮೆ ಬೇಕು. ಅರ್ಧ ದಾರಿಯಲ್ಲಿ ಸಂಶಯಪಟ್ಟು ಜಾರಿಕೊಳ್ಳುವ ಜಾಣರು ಬಂದರೆ ವಂಚಕನಿಗೆ ನಷ್ಟ. ಆದ್ದರಿಂದ ಜಾಣರು ಮೊದಲ ಸಾಲಿಗೇ ನಕ್ಕು ಹೋಗಲಿ, ನಂಬುವವರಷ್ಟೇ ಉಳಿಯಲಿ ಎಂಬುದು ಲೆಕ್ಕ. ಓಲೆಯ ಪೆದ್ದುತನವೇ ಅವನ ಜರಡಿ.

ಫೆಡಿವರ್ಸಿಗೆ ಒಂದು ದೊಡ್ಡ ಪೆಟ್ಟು ಬಿದ್ದದ್ದು 2023ರ ಮೇ ತಿಂಗಳಲ್ಲಿ. ಆಗ ರೋಚ್ಕೊ ಅವರ ತಂಡವೇ ನಡೆಸುತ್ತಿದ್ದ, ಬಳಗದಲ್ಲೇ ದೊಡ್ಡದಾಗಿದ್ದ ಮಾಸ್ಟೊಡಾನ್.ಸೋಶಿಯಲ್ ಸರ್ವರಿನಲ್ಲಿ ರಾಶಿ ಹುಸಿಖಾತೆಗಳು ಹುಟ್ಟಿ, ಕ್ರಿಪ್ಟೊ ಹೂಡಿಕೆಯ ಆಮಿಷವನ್ನು ಖಾಸಗಿ ಸಂದೇಶಗಳಲ್ಲಿ ಎರಚಿದವು. ಉಳಿದ ಸರ್ವರುಗಳ ಅಡ್ಮಿನ್‌ಗಳು ಪೇಚಿಗೆ ಬಿದ್ದರು. ಚಿಕ್ಕ ಸರ್ವರಾದರೆ ಸಂಪರ್ಕ ಕಡಿದು ಸುಮ್ಮನಾಗಬಹುದಿತ್ತು. ಇದು ಊರಿನ ಅತಿ ದೊಡ್ಡ ಮನೆ. ಕಡಿದರೆ ಲಕ್ಷಾಂತರ ಸಾಮಾನ್ಯ ಬಳಕೆದಾರರೂ ದೂರವಾಗುತ್ತಾರೆ. ಕೆಲವರು ಆ ಸರ್ವರಿನಿಂದ ಬರುವುದನ್ನು ತಾತ್ಕಾಲಿಕವಾಗಿ ಮಿತಿಗೊಳಿಸಿ ಉಸಿರುಬಿಟ್ಟರು.

2024ರ ಫೆಬ್ರವರಿಯದು ಇದಕ್ಕೆ ತದ್ವಿರುದ್ಧ. ಆಗ ದಾಳಿ ಬಂದದ್ದು ನೂರಾರು ಚಿಕ್ಕ ಸರ್ವರುಗಳಿಂದ. ಉತ್ಸಾಹದಲ್ಲಿ ಶುರುಮಾಡಿ, ಆಮೇಲೆ ಮರೆತು, ಹೊಸ ಖಾತೆ ತೆರೆಯುವ ಸೌಲಭ್ಯವನ್ನು ಮಾತ್ರ ಹಾಗೇ ಬಿಟ್ಟಿದ್ದ ಪಾಳುಮನೆಗಳವು. ಸ್ಕ್ರಿಪ್ಟ್‌ಗಳು ಅಲ್ಲಿ ಖಾತೆ ತೆರೆದು, ಸಿಕ್ಕಸಿಕ್ಕವರ ಹೆಸರು ಸೇರಿಸಿ ಪೋಸ್ಟ್ ಹಾಕಿದವು. ಇವು ಖಾಸಗಿಯಲ್ಲ, ಬಹಿರಂಗ ಉಲ್ಲೇಖಗಳು. ಆದರೂ ನೋಟಿಫಿಕೇಶನ್ ಗಂಟೆ ಬಾರಿಸುವುದರಲ್ಲಿ ವ್ಯತ್ಯಾಸವಿಲ್ಲ. ಪೋಸ್ಟಿನಲ್ಲಿದ್ದದ್ದು ಜಪಾನಿ ಬರಹ ಮತ್ತು ಒಂದು ಚಿತ್ರ: ಸ್ಪ್ಯಾಮ್ ಎಂಬ ಹೆಸರಿನ ಡಬ್ಬಿ ಮಾಂಸ! ಮಾರಲು ಏನೂ ಇರಲಿಲ್ಲ. ಡಿಸ್ಕಾರ್ಡ್ ಗುಂಪುಗಳಲ್ಲಿ ಜಪಾನಿನ ಹದಿಹರೆಯದವರ ನಡುವೆ ಎದ್ದ ಜಗಳ ಇದರ ಮೂಲ ಎಂದು ವರದಿಗಳು ಹೇಳಿದವು. ಒಬ್ಬರ ಹೆಸರು ಕೆಡಿಸಲು ಇನ್ನೊಬ್ಬರು ಜಗತ್ತಿನ ಅರ್ಧ ಫೆಡಿವರ್ಸನ್ನು ಎಬ್ಬಿಸಿದ್ದರು. ದುಡ್ಡಿನ ಆಸೆಯೇ ಇಲ್ಲದ ಸ್ಪ್ಯಾಮಿಗೆ ಲಾಭನಷ್ಟದ ಸಿದ್ಧಾಂತ ತಾಗುವುದಿಲ್ಲ ಎಂಬುದು ಆಗ ಅಡ್ಮಿನ್‌ಗಳಿಗೆ ಮನವರಿಕೆಯಾಯಿತು.

ಅಡ್ಮಿನ್‌ಗಳು ಪಾಳು ಸರ್ವರುಗಳ ಪಟ್ಟಿ ಮಾಡಿ ಪರಸ್ಪರ ಹಂಚಿಕೊಂಡರು, ಒಂದೊಂದಾಗಿ ಸಂಪರ್ಕ ಕಡಿದರು. ಇವರಲ್ಲಿ ಬಹುಪಾಲು ಜನ ಸಂಬಳವಿಲ್ಲದೆ ಬಿಡುವಿನಲ್ಲಿ ಕೆಲಸ ಮಾಡುವವರು. ಅದೇ ತಿಂಗಳು ಮಾಸ್ಟೊಡಾನ್ ತನ್ನ ತಂತ್ರಾಂಶದಲ್ಲಿ ಒಂದು ಸಣ್ಣ ಬದಲಾವಣೆ ತಂದಿತು: ಒಂದು ವಾರ ಯಾವ ಮಾಡರೇಟರೂ ಸರ್ವರಿನತ್ತ ಸುಳಿಯದಿದ್ದರೆ, ಮುಕ್ತ ನೋಂದಣಿ ತಾನಾಗಿಯೇ ನಿಂತು, ‘ಅಡ್ಮಿನ್ ಒಪ್ಪಿದರೆ ಮಾತ್ರ ಪ್ರವೇಶ’ ಎಂದಾಗುತ್ತದೆ. ಮನೆಯವರು ಊರಿಗೆ ಹೋದರೆ ಬಾಗಿಲು ತನ್ನಷ್ಟಕ್ಕೆ ಚಿಲಕ ಹಾಕಿಕೊಂಡ ಹಾಗೆ. ಇಷ್ಟು ವರ್ಷ ಇದು ಹೊಳೆಯದಿದ್ದುದೇ ಅಚ್ಚರಿ.

ಈ ಕಥೆಗೊಬ್ಬ ಅಣ್ಣನಿದ್ದಾನೆ, ಇಮೇಲ್. ಅದೂ ಒಡೆಯನಿಲ್ಲದ ಜಾಲವೇ. 1978ರ ಮೇ 3ರಂದು ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯ ಗ್ಯಾರಿ ಥರ್ಕ್ ಅಮೆರಿಕದ ಅರ್ಪಾನೆಟ್ಟಿನ ಸುಮಾರು 400 ವಿಳಾಸಗಳಿಗೆ ಕಂಪ್ಯೂಟರ್ ಜಾಹೀರಾತು ಕಳಿಸಿ ಬೈಸಿಕೊಂಡದ್ದೇ ಮೊದಲ ಸ್ಪ್ಯಾಮ್ ಎಂದು ಹೆಸರಾಗಿದೆ. ಇನ್ನೆರಡು ವರ್ಷದಲ್ಲಿ ಈ ಪಿಡುಗು ತೀರುತ್ತದೆ ಎಂದು 2004ರ ಜನವರಿಯಲ್ಲಿ ದಾವೋಸ್‌ನಲ್ಲಿ ಬಿಲ್ ಗೇಟ್ಸ್ ಭವಿಷ್ಯ ನುಡಿದರು. ತೀರಲಿಲ್ಲ, ಹತೋಟಿಗೆ ಬಂತು. ಪದಗಳ ಸಂಭವನೀಯತೆ ಲೆಕ್ಕಹಾಕುವ ಸೋಸುಗಗಳು, ದುಷ್ಟ ಸರ್ವರುಗಳ ಕಪ್ಪುಪಟ್ಟಿಗಳು, ಕಳಿಸಿದವರ ಗುರುತು ದೃಢಪಡಿಸುವ ವಿಧಾನಗಳು ಒಂದರ ಮೇಲೊಂದು ಬಂದವು. ಬೆಲೆಯನ್ನೂ ತೆರಬೇಕಾಯಿತು. ಇವತ್ತು ಮನೆಯಲ್ಲೇ ಸ್ವಂತ ಮೇಲ್ ಸರ್ವರ್ ಇಟ್ಟುಕೊಂಡವನ ಪತ್ರ ದೊಡ್ಡ ಕಂಪನಿಗಳ ಕಣ್ಣಲ್ಲಿ ಸಂಶಯಾಸ್ಪದ. ಎಷ್ಟೋ ಸಲ ಅದು ನೇರವಾಗಿ ಸ್ಪ್ಯಾಮ್ ಪೆಟ್ಟಿಗೆ ಸೇರುತ್ತದೆ. ಪಾಳು ಸರ್ವರುಗಳ ದಾಳಿ ನಡೆದ 2024ರ ಫೆಬ್ರವರಿಯಲ್ಲೇ, ಜಿಮೇಲ್ ಖಾತೆಗಳಿಗೆ ದಿನಕ್ಕೆ 5000ಕ್ಕೂ ಹೆಚ್ಚು ಮೇಲ್ ಕಳಿಸುವವರಿಗೆ ಗೂಗಲ್ ಗುರುತಿನ ಹೊಸ ಕಟ್ಟಳೆ ಹೇರಿತು. ಕಟ್ಟಳೆ ಒಳ್ಳೆಯದೇ. ಆದರೆ ಕಾಗದದ ಮೇಲೆ ಯಾರಿಗೂ ಸೇರದ ಇಮೇಲಿಗೆ ಈಗ ಕಾನೂನು ಬರೆಯುವವರು ಯಾರೆಂಬುದು ಅದರಿಂದ ಗೊತ್ತಾಗುತ್ತದೆ. ಫೆಡಿವರ್ಸಿನವರ ನಿಜವಾದ ಅಂಜಿಕೆಯೂ ಇದೇ: ಕಸ ಗುಡಿಸಲು ಹೋಗಿ ಮನೆಯನ್ನೇ ದೊಡ್ಡವರ ಕೈಗೆ ಕೊಟ್ಟುಬಿಟ್ಟರೆ?

ಬೇರೆ ದಾರಿಗಳಿಲ್ಲವೆಂದಲ್ಲ. ಅಂಚೆಚೀಟಿಯನ್ನೇ ಮರಳಿ ತರೋಣವೆಂಬ ಯೋಚನೆ 1992ರಷ್ಟು ಹಳೆಯದು. ಸಿಂಥಿಯಾ ಡ್ವರ್ಕ್ ಮತ್ತು ಮೋನಿ ನವೋರ್ ಸೂಚಿಸಿದ್ದು ಇಷ್ಟು: ಪ್ರತಿ ಸಂದೇಶಕ್ಕೂ ಕಳಿಸುವವನ ಕಂಪ್ಯೂಟರ್ ಒಂದು ಕಷ್ಟದ ಲೆಕ್ಕ ಬಿಡಿಸಲಿ. ಒಂದು ಓಲೆಗಾದರೆ ಅದು ಲೆಕ್ಕಕ್ಕಿಲ್ಲದ ಖರ್ಚು, ಕೋಟಿ ಓಲೆಗಾದರೆ ದಿವಾಳಿ. ಆ್ಯಡಂ ಬ್ಯಾಕ್ 1997ರಲ್ಲಿ ರೂಪಿಸಿದ ‘ಹ್ಯಾಶ್‌ಕ್ಯಾಶ್’ ಇದೇ ಜಾಡಿನದು. ಬಿಟ್‌ಕಾಯಿನ್ ಆ ಉಪಾಯವನ್ನು ಎರವಲು ಪಡೆಯಿತು. ನೋಸ್ಟರ್ ಎಂಬ ಇನ್ನೊಂದು ವಿಕೇಂದ್ರಿತ ಜಾಲದಲ್ಲಿ ಇಂಥ ಲೆಕ್ಕ ಕೇಳುವ ಅವಕಾಶ ಈಗಲೂ ಇದೆ. ತೊಡಕೆಂದರೆ, ಬಾಟ್‌ನೆಟ್ ನಡೆಸುವವನು ಲೆಕ್ಕ ಮಾಡಿಸುವುದು ಪರರ ಕಂಪ್ಯೂಟರಿನಲ್ಲಿ, ಪರರ ಕರೆಂಟಿನಲ್ಲಿ. ಬ್ಯಾಟರಿ ಖಾಲಿಯಾಗುವುದು ಹಳೆ ಫೋನಿಟ್ಟುಕೊಂಡ ಸಾಚಾ ಮನುಷ್ಯನದು.

ವಾಟ್ಸ್‌ಆ್ಯಪಿನ ಹಾದಿ ಬೇರೆ. ಗೂಢಲಿಪಿಯಿಂದಾಗಿ ಅದಕ್ಕೆ ಸಂದೇಶ ಓದಲಾಗದು. ಹಾಗಾಗಿ ನಡವಳಿಕೆ ನೋಡುತ್ತದೆ. ನೋಂದಾಯಿಸಿದ ಗಳಿಗೆಯಲ್ಲೇ ನೂರಾರು ಅಪರಿಚಿತರಿಗೆ ಬರೆಯುವ ನಂಬರ್ ಸಹಜವೇ? ಎಷ್ಟು ಜನ ರಿಪೋರ್ಟ್ ಮಾಡಿದರು? 2021ರ ಐಟಿ ನಿಯಮಗಳಡಿ ಅದು ಪ್ರಕಟಿಸುವ ಮಾಸಿಕ ವರದಿಗಳಲ್ಲಿ ಭಾರತದ ಲಕ್ಷಗಟ್ಟಲೆ ಖಾತೆಗಳ ನಿಷೇಧದ ಲೆಕ್ಕ ಸಿಗುವುದು ಹೀಗೆ. ಆದರೆ ಎಲ್ಲರ ನಡವಳಿಕೆಯನ್ನೂ ಒಂದೇ ಕಡೆ ಕೂತು ನೋಡಲು ಅಲ್ಲೊಂದು ಕಂಪನಿಯಿದೆ. ಫೆಡಿವರ್ಸಿನಲ್ಲಿ ಪ್ರತಿ ಸರ್ವರಿಗೂ ಕಾಣುವುದು ತನ್ನ ಬಾಗಿಲಿಗೆ ಬಂದ ನಾಲ್ಕು ಓಲೆ. ನಾಲ್ಕು ಓಲೆಯಲ್ಲಿ ದಾಳಿ ಕಾಣುವುದಿಲ್ಲ.

ಹಾಗಾಗಿ ಸದ್ಯಕ್ಕೆ ಫಲ ಕೊಡುತ್ತಿರುವುದು ಪಡೆಯುವವರ ತುದಿಯ ಜಗಲಿ: ಅಪರಿಚಿತರ ಓಲೆಯನ್ನು ನೇರ ಒಳಗೆ ಬಿಡದೆ ಹೊರಗೇ ಕೂರಿಸುವುದು. ಬ್ಲೂಸ್ಕೈ ಎಂಬ ಸಾಮಾಜಿಕ ಜಾಲತಾಣ 2024ರ ಮೇನಲ್ಲಿ ಚಾಟ್ ತಂದಾಗ, ತಾವು ಫಾಲೋ ಮಾಡುವವರು ಮಾತ್ರ ಬರೆಯಬಹುದು ಎಂಬುದನ್ನೇ ಮೊದಲ ಸ್ಥಿತಿಯಾಗಿಟ್ಟಿತು. (ವಿಕೇಂದ್ರಿತವೆಂದು ಹೇಳಿಕೊಳ್ಳುವ ಬ್ಲೂಸ್ಕೈ ಈ ಚಾಟನ್ನು ಮಾತ್ರ ತನ್ನದೇ ಸರ್ವರಿನಲ್ಲಿ ಇಟ್ಟುಕೊಂಡಿತ್ತು ಎಂಬುದು ಬೇರೆ ಮಾತು.) ಅದೇ ವರ್ಷ ಅಕ್ಟೋಬರಿನಲ್ಲಿ ಬಂದ ಮಾಸ್ಟೊಡಾನ್ 4.3ರಲ್ಲಿ ನೋಟಿಫಿಕೇಶನ್ ಸೆಟ್ಟಿಂಗಿಗೆ ಹೋದರೆ ಸಾಲಾಗಿ ಆಯ್ಕೆಗಳಿವೆ: ನೀವು ಫಾಲೋ ಮಾಡದವರು, ನಿಮ್ಮನ್ನು ಫಾಲೋ ಮಾಡದವರು, 30 ದಿನದೊಳಗೆ ಹುಟ್ಟಿದ ಖಾತೆಗಳು, ಕೇಳದೆ ಬಂದ ಖಾಸಗಿ ಸಂದೇಶಗಳು. ಪ್ರತಿಯೊಂದನ್ನೂ ಬಿಟ್ಟುಕೊಳ್ಳಬಹುದು, ಬೇರೆ ಪೆಟ್ಟಿಗೆಯಲ್ಲಿ ಕೂರಿಸಬಹುದು, ಅಥವಾ ಕಣ್ಣಿಗೇ ಬೀಳದಂತೆ ಮಾಡಬಹುದು. ಪೆಟ್ಟಿಗೆಯಲ್ಲಿ ಕೂರಿಸುವುದೇ ವಾಸಿ. ಗುರುತಿನವರ ಓಲೆ ಅದರಲ್ಲಿ ಸಿಕ್ಕಿಬಿದ್ದರೆ ಆಮೇಲಾದರೂ ಹೆಕ್ಕಬಹುದು.

ಬಂದ ಸ್ಪ್ಯಾಮನ್ನು ಬರೇ ಅಳಿಸಿದರೆ ನಿಮ್ಮ ಪರದೆ ಸ್ವಚ್ಛವಾಗುತ್ತದೆ, ಪಕ್ಕದವರದ್ದಲ್ಲ. ರಿಪೋರ್ಟ್ ಮಾಡಿದರೆ ಅದು ನಿಮ್ಮ ಸರ್ವರಿನ ಮಾಡರೇಟರಿಗೆ ಹೋಗುತ್ತದೆ. ಮಾಸ್ಟೊಡಾನಿನಲ್ಲಿ ಕಳಿಸಿದವನ ಸರ್ವರಿಗೂ ಒಂದು ಪ್ರತಿ ಹೋಗಲಿ ಎಂಬ ಗುಂಡಿಯಿದೆ. ಆ ಪ್ರತಿಯಲ್ಲಿ ನಿಮ್ಮ ಹೆಸರಿರುವುದಿಲ್ಲ. ಅದನ್ನು ಒತ್ತದೆ ಬಿಟ್ಟರೆ ಆಚೆ ಸರ್ವರಿನ ಪಾಪದ ಅಡ್ಮಿನ್‌ಗೆ ತನ್ನ ಮನೆಯಲ್ಲಿ ಕಳ್ಳ ಹೊಕ್ಕದ್ದು ತಿಳಿಯುವುದೇ ಇಲ್ಲ. ಇನ್ನು ಮಾತು ಮುಂದುವರಿದು ದುಡ್ಡು ಕಳೆದುಕೊಂಡದ್ದೇ ಆದರೆ, ಭಾರತದಲ್ಲಿರುವವರು ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಜಗಲಿಯಲ್ಲಿ ಕೂರಿಸುವ ಈ ಪದ್ಧತಿಗೂ ಒಂದು ಇಕ್ಕಟ್ಟಿದೆ. 2019ರ ನವೆಂಬರಿನಲ್ಲಿ, ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಖಾತೆಯನ್ನು ಟ್ವಿಟರ್ ಅಮಾನತು ಮಾಡಿದ್ದನ್ನು ಪ್ರತಿಭಟಿಸಿ ಭಾರತದ ದೊಡ್ಡ ಗುಂಪೊಂದು ಮಾಸ್ಟೊಡಾನಿಗೆ ಗುಳೆ ಹೋಯಿತು. ಹೊಸ ಖಾತೆ, ಪ್ರೊಫೈಲಿಗೆ ಫೋಟೋ ಹಾಕಿಲ್ಲ, ಫಾಲೋ ಮಾಡುವವರಿಲ್ಲ, ಬಂದ ಗಳಿಗೆಯಲ್ಲೇ ಹಳೆ ಗೆಳೆಯರನ್ನು ಹುಡುಕಿ ಹತ್ತಾರು ಮಂದಿಗೆ ‘ನಾನೂ ಬಂದೆ’ ಎಂಬ ಓಲೆ. ಇಂದಿನ ಸೋಸುಗಕ್ಕೆ ಇವೆಲ್ಲ ಸ್ಪ್ಯಾಮರಿನ ಲಕ್ಷಣಗಳೇ. ಅವರಲ್ಲಿ ಒಬ್ಬರು ಇವತ್ತು ಬಂದು ನಿಮಗೆ ಬರೆದಿದ್ದರೆ ಆ ಓಲೆ ಅದೇ ಬೇರೆ ಪೆಟ್ಟಿಗೆಯಲ್ಲಿ, ಕ್ರಿಪ್ಟೊ ಆಮಿಷ ಮತ್ತು ನಗುಮುಖದ ಫೋಟೋಗಳ ನಡುವೆ, ‘ಒಪ್ಪು’ ಮತ್ತು ‘ತಳ್ಳು’ ಎಂಬ ಎರಡು ಗುಂಡಿಗಳ ಪಕ್ಕದಲ್ಲಿ ಕೂತಿರುತ್ತದೆ.