ಬಾಂಡ್ ಪೇಪರ್ ಬರೆಸಿಕೊಂಡರೆ ಮಗು ನಿಮ್ಮದಾಗುತ್ತಾ?

ಮೊನ್ನೆ ಗೆಳೆಯನೊಬ್ಬ ಫೋನ್ ಮಾಡಿದ್ದ. ಅವನ ಅಕ್ಕ–ಭಾವನಿಗೆ ಮದುವೆಯಾಗಿ ಹನ್ನೊಂದು ವರ್ಷ, ಮಕ್ಕಳಿಲ್ಲ. ನರ್ಸಿಂಗ್ ಹೋಮ್ ಒಂದರ ಆಯಾ ಹೇಳಿದಳಂತೆ, ‘ಹೆಣ್ಣುಮಗು ಇದೆ, ಹೆತ್ತವರಿಗೆ ಸಾಕೋಕಾಗಲ್ಲ. ಒಂದಿಷ್ಟು ದುಡ್ಡು ಕೊಟ್ಟು ಬಾಂಡ್ ಪೇಪರ್ ಬರೆಸ್ಕೊಂಡು ಕರ್ಕೊಂಡು ಹೋಗಿ.’ ಎರಡೂ ಕಡೆಯವರು ಒಪ್ಪಿದ ಮೇಲೆ ಕಾನೂನಿನದ್ದೇನು ತಕರಾರು ಅನ್ನೋದು ಅವನ ಪ್ರಶ್ನೆ.

ತಕರಾರಿದೆ, ಮೊದಲನೆಯದು ಆ ದುಡ್ಡಿನದ್ದೇ. ಮಗುವನ್ನು ಮಾರುವುದು, ಕೊಳ್ಳುವುದು ಬಾಲನ್ಯಾಯ ಕಾಯ್ದೆಯಡಿ 5 ವರ್ಷದವರೆಗೆ ಜೈಲಾಗುವ ಅಪರಾಧ. ಆಸ್ಪತ್ರೆಯ ಸುಪರ್ದಿಯಲ್ಲಿರುವ ಮಗುವನ್ನು ಅಲ್ಲಿಯವರೇ ಮಾರಿದರೆ 3ರಿಂದ 7 ವರ್ಷ. 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಹಸುಗೂಸುಗಳನ್ನು ಮಾರುವ ಜಾಲವೊಂದನ್ನು ಹಿಡಿದಿದ್ದು ನೆನಪಿರಬಹುದು.

ದುಡ್ಡೇ ಇಲ್ಲದಿದ್ದರೆ? ಕೊಪ್ಪಳದಲ್ಲಿ ಹೆತ್ತವರೇ ತಮ್ಮ ಅವಳಿ ಮಕ್ಕಳಲ್ಲಿ ಒಂದನ್ನು ಬಾಂಡ್ ಪೇಪರ್ ಮೇಲೆ ಬರೆದು ಇನ್ನೊಂದು ದಂಪತಿಗೆ ಕೊಟ್ಟಿದ್ದರು. ಕ್ರಿಮಿನಲ್ ಕೇಸಾಯಿತು. ಆ ಮಗು ಅನಾಥವಲ್ಲ, ಪರಿತ್ಯಕ್ತವಲ್ಲ, ಸಮಿತಿಗೆ ಒಪ್ಪಿಸಿದ್ದೂ ಅಲ್ಲ ಎಂದು ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ ಕೇಸನ್ನು ರದ್ದು ಮಾಡಿತು. ಆದರೆ ಅಪರಾಧ ಅಲ್ಲ ಅಂದ ಮಾತ್ರಕ್ಕೆ ದತ್ತು ಸಿಂಧು ಅಂತಲ್ಲ. ಜೈಲು ತಪ್ಪಬಹುದು, ಆ ಕಾಗದದಿಂದ ಮಗುವಿಗೆ ಆಸ್ತಿಹಕ್ಕು ಬರಲ್ಲ.

ಹಾಗಾದರೆ ಯಾವುದು ಸಿಂಧು? ದಾರಿ ಎರಡು. ಒಂದು, 1956ರ ಹಿಂದೂ ದತ್ತಕ ಕಾಯ್ದೆ. ಬೌದ್ಧ, ಜೈನ, ಸಿಖ್ಖರೂ ಇದರಲ್ಲಿ ಸೇರುತ್ತಾರೆ. ಹೆತ್ತವರು ನೇರವಾಗಿ ಕೊಡಬಹುದು, ಆದರೆ ಪ್ರತಿಯಾಗಿ ಹಣ ಪಡೆಯುವಂತಿಲ್ಲ. ಸಾಮಾನ್ಯವಾಗಿ ಮಗು 15 ತುಂಬಿರಬಾರದು. ಮನೆಯಲ್ಲಿ ಮಗನಿದ್ದರೆ ಇನ್ನೊಂದು ಗಂಡನ್ನು, ಮಗಳಿದ್ದರೆ ಇನ್ನೊಂದು ಹೆಣ್ಣನ್ನು ತೆಗೆದುಕೊಳ್ಳುವಂತಿಲ್ಲ. ದತ್ತಹೋಮ ಕಡ್ಡಾಯವಲ್ಲ, ಎರಡೂ ಕಡೆಯವರು ಸಹಿ ಹಾಕಿ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ ಪತ್ರವಿದ್ದರೆ ಕೋರ್ಟ್ ದತ್ತು ಕ್ರಮಬದ್ಧವಾಗಿಯೇ ಆಗಿದೆ ಎಂದು ಭಾವಿಸುತ್ತದೆ, ಸುಳ್ಳೆನ್ನುವವರು ಸಾಬೀತು ಮಾಡಬೇಕು. ನೋಟರಿ ಸೀಲು ಬಿದ್ದ ಬಾಂಡ್ ಪೇಪರ್‌ಗೆ ಈ ಬಲ ಇಲ್ಲ.

ಇನ್ನೊಂದು, ಬಾಲನ್ಯಾಯ ಕಾಯ್ದೆ. ಇದಕ್ಕೆ ಧರ್ಮದ ಹಂಗಿಲ್ಲ. ಕೇಂದ್ರ ದತ್ತು ಸಂಸ್ಥೆ ‘ಕಾರಾ’ದ ಪೋರ್ಟಲ್‌ನಲ್ಲಿ ಹೆಸರು ಬರೆಸಬೇಕು, ಸಮಾಜ ಕಾರ್ಯಕರ್ತರು ಮನೆಗೆ ಬಂದು ವರದಿ ಕೊಡುತ್ತಾರೆ. ದಂಪತಿಗಾದರೆ ಕನಿಷ್ಠ ಎರಡು ವರ್ಷದ ಸ್ಥಿರ ದಾಂಪತ್ಯ ಬೇಕು. ಒಂಟಿ ಹೆಂಗಸು ಯಾವ ಮಗುವನ್ನಾದರೂ ಪಡೆಯಬಹುದು, ಒಂಟಿ ಗಂಡಸಿಗೆ ಹೆಣ್ಣುಮಗು ಕೊಡುವುದಿಲ್ಲ. ಅನೇಕರು ಎಡವುವುದು ವಯಸ್ಸಿನಲ್ಲಿ. ಗೆಳೆಯನ ಅಕ್ಕನಿಗೆ 42, ಭಾವನಿಗೆ 46, ಕೂಡಿದರೆ 88. ಎರಡು ವರ್ಷದೊಳಗಿನ ಮಗುವಿಗೆ ಮಿತಿ 85, ಎರಡರಿಂದ ನಾಲ್ಕು ವರ್ಷದ ಮಗುವಿಗೆ 90. ಅಂದರೆ ಹಸುಗೂಸು ಸಿಗಲ್ಲ. ನಡೆದಾಡುವ ಮಗುವಿಗೆ ತಡಮಾಡದೆ ಅರ್ಜಿ ಹಾಕಬೇಕು.

ಹೆಸರು ಬರೆಸಿದ ಮೇಲೆ ಕಾಯುವುದು ಮೂರು ವರ್ಷ ಮೀರುತ್ತದೆ. ಸಾಲಿನಲ್ಲಿರುವವರು ಹತ್ತಾರು ಸಾವಿರ, 2024–25ರಲ್ಲಿ ದೇಶದಲ್ಲಿ ಆದ ದತ್ತು 4,515. ಅದೇ ಆಗ ಹಲವು ವರ್ಷಗಳಲ್ಲೇ ಅತಿ ಹೆಚ್ಚು! ಸರ್ಕಾರಿ ವಿಳಂಬವನ್ನು ಬೈಯುವುದರಲ್ಲಿ ನಾನೇನೂ ಹಿಂದೆ ಬಿದ್ದವನಲ್ಲ. ಆದರೆ ಒಂದು ವಿಳಂಬ ಮಾತ್ರ ಇರಲೇಬೇಕು. ಹೆತ್ತವರು ಮಕ್ಕಳ ಕಲ್ಯಾಣ ಸಮಿತಿಗೆ ಮಗುವನ್ನು ಒಪ್ಪಿಸಿದರೆ, ಮನಸ್ಸು ಬದಲಿಸಲು ಅವರಿಗೆ ಎರಡು ತಿಂಗಳ ಕಾಲಾವಕಾಶ ಸಿಗುತ್ತದೆ. ಆಮೇಲಷ್ಟೇ ಮಗು ದತ್ತಿಗೆ ಮುಕ್ತ.

ತಾಯಿಯ ಒಪ್ಪಿಗೆ ಖಾತ್ರಿಯಾಗದಿದ್ದರೆ ಏನಾಗುತ್ತದೆ ಎಂದು ಕೇರಳ ನೋಡಿದೆ. ತನ್ನ ಮನೆಯವರೇ ಕೂಸನ್ನು ತನಗೆ ಗೊತ್ತಿಲ್ಲದೆ ಕೊಟ್ಟುಬಿಟ್ಟರು ಎಂದು ತಾಯಿಯೊಬ್ಬಳು ದೂರಿದಳು. ಅಷ್ಟರಲ್ಲಿ ಮಗು ಆಂಧ್ರದ ದಂಪತಿಯ ಮಡಿಲಲ್ಲಿತ್ತು. ಡಿಎನ್‌ಎ ಪರೀಕ್ಷೆಯಾಗಿ, 2021ರ ನವೆಂಬರ್‌ನಲ್ಲಿ ಕೋರ್ಟ್ ಮಗುವನ್ನು ತಾಯಿಗೆ ಕೊಡಿಸಿತು. ಆ ದಂಪತಿಯದ್ದೇನು ತಪ್ಪಿತ್ತು? ಅಧಿಕೃತ ದಾರಿಯಲ್ಲೇ ಹೀಗಾದರೆ, ಆಯಾ ಹೇಳಿದ ಮಾತನ್ನು ನಂಬಿ ಮಗು ತಂದವರ ಪಾಡು ಊಹಿಸಿ.

ಸರದಿ ಬಂದಾಗ 48 ಗಂಟೆಯೊಳಗೆ ಮಗುವನ್ನು ಕಾಯ್ದಿರಿಸಬೇಕು, ನೋಡಿ ಒಪ್ಪಲು 30 ದಿನ. ಆದೇಶ ಕೊಡುವುದು 2022ರ ಸೆಪ್ಟೆಂಬರ್‌ನಿಂದ ಕೋರ್ಟಲ್ಲ, ಜಿಲ್ಲಾಧಿಕಾರಿ. ನಂತರ ಎರಡು ವರ್ಷ, ಆರು ತಿಂಗಳಿಗೊಮ್ಮೆ ಮಗು ಹೇಗಿದೆ ಎಂದು ನೋಡಲು ಬರುತ್ತಾರೆ.

ಸಾಕಲಾಗದೆ ಯಾರೋ ಕೊಡಲು ಸಿದ್ಧರಿರುವ ಮಗುವಿನ ಸುದ್ದಿ ಕಿವಿಗೆ ಬಿದ್ದರೆ 1098ಕ್ಕೆ ಫೋನ್ ಮಾಡಿ. ತಿಳಿಸಿದ್ದಕ್ಕೆ ಆ ಮಗು ನಿಮಗೇ ಸಿಗುತ್ತದೆ ಅಂದುಕೊಳ್ಳಬೇಡಿ, ಅದು ಸಾಲಿನಲ್ಲಿ ಮುಂದಿರುವವರಿಗೆ ಹೋಗುತ್ತದೆ.